ವಿಜ್ಞಾನ ಸಂಘಗಳೂ ವಿದ್ಯಾರ್ಥಿಗಳೂ

ವೃತ್ತಿಪರ ವಿಜ್ಞಾನ ಸಂಘಗಳಿಗೆ ವಿದ್ಯಾರ್ಥಿಗಳು ಸೇರಬೇಕೇ ಎಂಬ ಪ್ರಶ್ನೆ ಹುಟ್ಟುವುದಕ್ಕೆ ಬಹಳ ಹಿಂದೆಯೇ ವಿದ್ಯಾರ್ಥಿಗಳು ಅಂಥ ಸಂಘಗಳನ್ನು ಕಟ್ಟಿ ನಡೆಸುತ್ತಿದ್ದರು. 1734ರಲ್ಲಿ ಸ್ಕಾಟ್‌ಲೆಂಡಿನ ಎಡಿನ್‌ಬರೊದಲ್ಲಿ ಆರು ಮಂದಿ ವೈದ್ಯ ವಿದ್ಯಾರ್ಥಿಗಳು ಹೇಗೋ ಒಂದು ಶವವನ್ನು ಸಂಪಾದಿಸಿ, ಕೊಯ್ದು, ಅಂಗರಚನೆಯನ್ನು ತಾವೇ ಅಭ್ಯಾಸ ಮಾಡಿದರು. ಆ ಕೆಲಸ ಮುಗಿದಾಗ ಊರಿನ ಹೋಟೆಲೊಂದರಲ್ಲಿ ಕುಳಿತು, ಇನ್ನು ಮುಂದೆ ಹದಿನೈದು ದಿನಕ್ಕೊಮ್ಮೆ ಸೇರುವುದು, ಸರದಿಯಂತೆ ಒಬ್ಬೊಬ್ಬರು ಒಂದು ಪ್ರಬಂಧ ಓದುವುದು, ಉಳಿದವರು ಅದನ್ನು ಪ್ರಶ್ನಿಸುವುದು ಎಂದು ನಿಶ್ಚಯಿಸಿಕೊಂಡರು. 1737ರಲ್ಲಿ ಆ ಕೂಟಕ್ಕೆ ಸಂಘದ ರೂಪ ಬಂತು, 1778ರಲ್ಲಿ ರಾಜಸನ್ನದು ಸಿಕ್ಕಿತು. ರಾಯಲ್ ಮೆಡಿಕಲ್ ಸೊಸೈಟಿ ಎಂಬ ಹೆಸರಿನ ಆ ಸಂಘವನ್ನು ಇವತ್ತಿಗೂ ವಿದ್ಯಾರ್ಥಿಗಳೇ ನಡೆಸುತ್ತಾರೆ.

ಅದೇ ಊರಿನ ವಿಶ್ವವಿದ್ಯಾಲಯದಲ್ಲಿ 1823ರಲ್ಲಿ ಪ್ಲಿನಿಯನ್ ಸೊಸೈಟಿ ಎಂಬ ಮತ್ತೊಂದು ವಿದ್ಯಾರ್ಥಿ ಸಂಘ ಹುಟ್ಟಿತು. ನಿಸರ್ಗ ವಿಜ್ಞಾನದಲ್ಲಿ ಆಸಕ್ತಿ ಇದ್ದವರು ಅಲ್ಲಿ ಸೇರಿ ತಾವು ಕಂಡದ್ದನ್ನು ಹೇಳಿಕೊಳ್ಳುತ್ತಿದ್ದರು. ವೈದ್ಯ ಓದಲು ಬಂದು, ಅದರಲ್ಲಿ ಮನಸ್ಸು ನಿಲ್ಲದೆ ತೊಳಲುತ್ತಿದ್ದ ಚಾರ್ಲ್ಸ್ ಡಾರ್ವಿನ್ 1826ರ ನವೆಂಬರಿನಲ್ಲಿ ಅದರ ಸದಸ್ಯನಾದ. ಸಂಘದ ಹಿರಿಯ ಸದಸ್ಯ ರಾಬರ್ಟ್ ಗ್ರಾಂಟ್ ಅವನನ್ನು ಸಮುದ್ರ ತೀರಕ್ಕೆ ಕರೆದೊಯ್ದು, ಇಳಿತದ ಹೊತ್ತಿನಲ್ಲಿ ಬಂಡೆಗಳ ಸಂದಿಯಲ್ಲಿ ಸಿಗುವ ಸಣ್ಣ ಜೀವಿಗಳನ್ನು ಹಿಡಿದು ಸೂಕ್ಷ್ಮದರ್ಶಕದ ಕೆಳಗೆ ನೋಡುವುದನ್ನು ಕಲಿಸಿದ. 1827ರ ಮಾರ್ಚ್ 27ರಂದು ಡಾರ್ವಿನ್ ಸಂಘದ ಸಭೆಯಲ್ಲಿ ತನ್ನ ಎರಡು ಚಿಕ್ಕ ಶೋಧಗಳನ್ನು ಮುಂದಿಟ್ಟ. ಫ್ಲಸ್ಟ್ರಾ ಎಂಬ ಕಡಲ ಜೀವಿಯ ಎಳೆಯ ರೂಪಗಳು ತಾವಾಗಿಯೇ ಚಲಿಸುತ್ತವೆ ಎಂಬುದು ಒಂದು. ಸಿಂಪಿ ಚಿಪ್ಪುಗಳ ಮೇಲೆ ಕಾಣುವ, ಪಾಚಿಯ ಬೀಜವೆಂದು ತಿಳಿದಿದ್ದ ಕಪ್ಪು ಕಾಳುಗಳು ಒಂದು ಜಾತಿಯ ಜಿಗಣೆಯ ಮೊಟ್ಟೆಗಳು ಎಂಬುದು ಇನ್ನೊಂದು. ಅವನಿಗೆ ಆಗ ಹದಿನೆಂಟು ವರ್ಷ.

ಈ ಪ್ರಸಂಗಕ್ಕೆ ಇನ್ನೊಂದು ಮುಖವೂ ಇದೆ. ಇದಕ್ಕೆ ಮೂರು ದಿನ ಮೊದಲು, ಮಾರ್ಚ್ 24ರಂದು, ಹಿರಿಯ ವಿಜ್ಞಾನಿಗಳ ವರ್ನೇರಿಯನ್ ಸಂಘದಲ್ಲಿ ಗ್ರಾಂಟ್ ಅದೇ ಸಂಗತಿಗಳನ್ನು ತನ್ನ ಪ್ರಬಂಧದಲ್ಲಿ ಸೇರಿಸಿ ಓದಿಬಿಟ್ಟಿದ್ದ. ಆ ಸಂಘದಲ್ಲಿ ಡಾರ್ವಿನ್ ಅತಿಥಿಯಾಗಿ ಕೂರಬಹುದಿತ್ತು, ಎದ್ದು ನಿಂತು ತನ್ನದೆಂದು ಹೇಳುವ ಹಕ್ಕು ಇರಲಿಲ್ಲ. ಚಿಕ್ಕವರ ಸಂಘದ ಮೇಜು ಇಲ್ಲದೇ ಹೋಗಿದ್ದರೆ ಆ ಶೋಧ ಅವನ ಬಾಯಿಂದ ಹೊರಬರುವ ಅವಕಾಶವೇ ಇರುತ್ತಿರಲಿಲ್ಲ. ಸದಸ್ಯತ್ವವೆಂದರೆ ಹೊಟ್ಟೆ ತುಂಬಿದವರ ಶೋಕಿ ಎಂದು ತಿಳಿಯುವವರು ಈ ಮೂರು ದಿನಗಳ ಅಂತರವನ್ನು ಗಮನಿಸಬೇಕು.

ಡಾರ್ವಿನ್ ಉಳ್ಳವರ ಮನೆಯ ಹುಡುಗ. ಅವನಿಗಿಂತ ಹದಿನೈದು ವರ್ಷ ಮುಂಚೆ ಲಂಡನ್ನಿನಲ್ಲಿ ಪುಸ್ತಕದ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದ ಮೈಕೆಲ್ ಫ್ಯಾರಡೆಗೆ ಕಾಲೇಜಿನ ಮೆಟ್ಟಿಲು ಹತ್ತುವ ಯೋಗವೇ ಇರಲಿಲ್ಲ. ಜಾನ್ ಟೇಟಮ್ ಎಂಬ ಅಕ್ಕಸಾಲಿಗ 1808ರಲ್ಲಿ ತನ್ನ ಮನೆಯಲ್ಲೇ ಸಿಟಿ ಫಿಲಾಸಫಿಕಲ್ ಸೊಸೈಟಿಯನ್ನು ಆರಂಭಿಸಿದ್ದ. ಅಲ್ಲಿ ಸಂಜೆ ಹೊತ್ತು ನಡೆಯುತ್ತಿದ್ದ ಉಪನ್ಯಾಸಕ್ಕೆ ಒಂದು ಶಿಲಿಂಗ್ ಪ್ರವೇಶ ಶುಲ್ಕ. 1810ರಿಂದ ಫ್ಯಾರಡೆ ಅಲ್ಲಿಗೆ ಹೋಗತೊಡಗಿದಾಗ ಆ ಶಿಲಿಂಗನ್ನು ಕೊಟ್ಟವನು ಕಮ್ಮಾರಿಕೆ ಮಾಡುತ್ತಿದ್ದ ಅವನ ಅಣ್ಣ ರಾಬರ್ಟ್. ಕೇಳಿದ ಉಪನ್ಯಾಸವನ್ನೆಲ್ಲ ಬರೆದಿಟ್ಟು, ಉಪಕರಣಗಳ ಚಿತ್ರ ಬಿಡಿಸಿ, ಕೈಬರಹದ ಪುಸ್ತಕಗಳಾಗಿ ತಾನೇ ರಟ್ಟು ಹಾಕಿಕೊಂಡ. ಅದೇ ರೀತಿ ರಸಾಯನ ವಿಜ್ಞಾನಿ ಹಂಫ್ರಿ ಡೇವಿಯ ಉಪನ್ಯಾಸಗಳನ್ನೂ ಬರೆದು ಕಟ್ಟಿ ಡೇವಿಗೇ ಕಳಿಸಿದ್ದರಿಂದ 1813ರಲ್ಲಿ ಅವನಿಗೆ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಕೆಲಸ ಸಿಕ್ಕಿದ ಕಥೆ ಎಲ್ಲರಿಗೂ ಗೊತ್ತು. ಬರೆದುಕೊಳ್ಳುವ ಆ ಶಿಸ್ತು ಬಂದದ್ದು ಟೇಟಮ್ಮನ ಮನೆಯಿಂದ ಎಂಬುದನ್ನು ಮಾತ್ರ ಹೆಚ್ಚಿನವರು ಮರೆಯುತ್ತಾರೆ. 1816ರಲ್ಲಿ ಫ್ಯಾರಡೆ ತನ್ನ ಮೊದಲ ರಸಾಯನ ಉಪನ್ಯಾಸಗಳನ್ನು ಕೊಟ್ಟದ್ದು ಕೂಡ ಇದೇ ಸಂಘದ ಗೆಳೆಯರ ಮುಂದೆ. ಮುಂದೆ ಲಂಡನ್ನಿನ ಅತ್ಯುತ್ತಮ ವಿಜ್ಞಾನ ಭಾಷಣಕಾರನೆನಿಸಿದವನಿಗೆ ತಪ್ಪು ಮಾಡಿ ಕಲಿಯಲು ಸಿಕ್ಕ ಜಾಗ ಅದು.

ಎಂಜಿನಿಯರುಗಳ ಕಥೆಯೂ ಹೀಗೇ ಆರಂಭವಾಗುತ್ತದೆ. 1818ರ ಜನವರಿಯಲ್ಲಿ ಲಂಡನ್ನಿನ ಫ್ಲೀಟ್ ಬೀದಿಯ ಕಾಫಿ ಹೌಸೊಂದರಲ್ಲಿ ಕೆಲವು ತರುಣರು ಸೇರಿ ಇನ್‌ಸ್ಟಿಟ್ಯೂಷನ್ ಆಫ್ ಸಿವಿಲ್ ಎಂಜಿನಿಯರ್ಸ್ ಎಂಬ ಸಂಘವನ್ನು ಹುಟ್ಟುಹಾಕಿದರು. ಅವರ ಮುಂದಾಳು ಹೆನ್ರಿ ಪಾಮರ್ ಎಂಬ ತರುಣ. ಹೆಸರುವಾಸಿಯಾದ ಥಾಮಸ್ ಟೆಲ್‌ಫರ್ಡ್ 1820ರಲ್ಲಿ ಅಧ್ಯಕ್ಷನಾಗಲು ಒಪ್ಪಿದ ಮೇಲೆ ಸಂಘಕ್ಕೆ ಘನತೆ ಬಂತು, 1828ರಲ್ಲಿ ರಾಜಸನ್ನದು ಬಂತು.

ಘನತೆಯ ಜೊತೆಗೆ ಬಾಗಿಲುಗಳೂ ಕಿರಿದಾದವು. 1660ರಲ್ಲಿ ಆರಂಭವಾದ ಲಂಡನ್ನಿನ ರಾಯಲ್ ಸೊಸೈಟಿ ಬಹುಕಾಲ ವಿಜ್ಞಾನ ಬಲ್ಲವರಿಗೂ ಬರೀ ಸಿರಿವಂತರಿಗೂ ಒಂದೇ ಬಗೆಯಲ್ಲಿ ಮಣೆ ಹಾಕುತ್ತಿತ್ತು. 1847ರ ಸುಧಾರಣೆಯ ನಂತರ ವರ್ಷಕ್ಕೆ ಹದಿನೈದು ಮಂದಿಯನ್ನಷ್ಟೇ, ಅದೂ ಸಾಧನೆಯನ್ನು ತೂಗಿ ನೋಡಿ, ಆರಿಸುವ ಪದ್ಧತಿ ಬಂತು. ಸುಧಾರಣೆ ಸರಿಯಾದದ್ದೇ. ಆದರೆ ಅದರಿಂದ ಸದಸ್ಯತ್ವವು ಕಲಿಯುವವರ ಅನುಕೂಲದಿಂದ ಕಲಿತವರ ಬಿರುದಾಗಿ ಮಾರ್ಪಟ್ಟಿತು. ಹೆಂಗಸರಿಗಂತೂ ಎರಡೂ ಬಗೆಯ ಸಂಘಗಳು ಮುಚ್ಚಿಯೇ ಇದ್ದವು. 1904ರಲ್ಲಿ ಹತ್ತೊಂಬತ್ತು ಮಂದಿ ಮಹಿಳಾ ರಸಾಯನ ವಿಜ್ಞಾನಿಗಳು ಲಂಡನ್ನಿನ ಕೆಮಿಕಲ್ ಸೊಸೈಟಿಗೆ ಸಹಿ ಹಾಕಿ ಮನವಿ ಕೊಟ್ಟರು. ಅವರಿಗೆ ಪೂರ್ಣ ಸದಸ್ಯತ್ವ ಸಿಕ್ಕಿದ್ದು 1920ರಲ್ಲಿ. ರಾಯಲ್ ಸೊಸೈಟಿ ಮಹಿಳೆಯರನ್ನು ಮೊದಲು ಆರಿಸಿದ್ದು 1945ರಲ್ಲಿ. ಮನವಿ ಕೊಟ್ಟು ಹದಿನಾರು ವರ್ಷ ಕಾಯುವುದೆಂದರೆ ಎಷ್ಟೋ ಮಂದಿಯ ದುಡಿಮೆಯ ಮುಖ್ಯ ಕಾಲವೇ ಕಳೆದುಹೋಯಿತೆಂದು ಅರ್ಥ.

ಕಿರಿಯರಿಗೆ ಬೇರೆಯೇ ಒಂದು ದರ್ಜೆ ಇಡುವ ಪದ್ಧತಿ ಬೇರೂರಿದ್ದು ಮುಖ್ಯವಾಗಿ ಅಮೆರಿಕದಲ್ಲಿ. ಅಲ್ಲಿನ ವಿದ್ಯುತ್ ಎಂಜಿನಿಯರುಗಳ ಸಂಘ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಾಲೇಜುಗಳಲ್ಲಿ ವಿದ್ಯಾರ್ಥಿ ಶಾಖೆಗಳನ್ನು ತೆರೆಯತೊಡಗಿತು. 1876ರಲ್ಲಿ ಸ್ಥಾಪನೆಯಾದ ಅಮೆರಿಕನ್ ಕೆಮಿಕಲ್ ಸೊಸೈಟಿ 1937ರಲ್ಲಿ ವಿದ್ಯಾರ್ಥಿಗಳಿಗೆ ಪ್ರತ್ಯೇಕ ವಿಭಾಗ ಮಾಡಿತು. ಕಡಿಮೆ ಶುಲ್ಕ, ಪತ್ರಿಕೆ, ಸಭೆಗಳಿಗೆ ಪ್ರವೇಶ, ಮತದ ಹಕ್ಕಿಲ್ಲ: ಇಂದು ಜಗತ್ತಿನೆಲ್ಲೆಡೆ ಇರುವ ವಿದ್ಯಾರ್ಥಿ ಸದಸ್ಯತ್ವದ ಸಾಮಾನ್ಯ ಚೌಕಟ್ಟು ಇದು.

ಭಾರತದಲ್ಲಿ ಪ್ರಶ್ನೆ ಇನ್ನೊಂದು ರೂಪದಲ್ಲಿತ್ತು. ಕಲ್ಕತ್ತದ ಏಷಿಯಾಟಿಕ್ ಸೊಸೈಟಿ 1784ರಲ್ಲಿ ಆರಂಭವಾದರೂ ಭಾರತೀಯರನ್ನು ಸದಸ್ಯರಾಗಿ ಸೇರಿಸಿಕೊಂಡದ್ದು 1829ರಲ್ಲಿ. ಸ್ವಂತ ನೆಲದಲ್ಲೇ ನಲವತ್ತೈದು ವರ್ಷ ಹೊಸ್ತಿಲಾಚೆ ನಿಂತವರ ಮಕ್ಕಳು ಮೊಮ್ಮಕ್ಕಳು ತಮ್ಮದೇ ಸಂಘ ಕಟ್ಟಲು ಹೊರಟದ್ದು ಸಹಜವೇ. ವೈದ್ಯ ಮಹೇಂದ್ರಲಾಲ್ ಸರ್ಕಾರ್ ಅವರು ವರ್ಷಗಟ್ಟಲೆ ಚಂದಾ ಎತ್ತಿ 1876ರ ಜುಲೈ 29ರಂದು ಕಲ್ಕತ್ತದಲ್ಲಿ ಇಂಡಿಯನ್ ಅಸೋಸಿಯೇಷನ್ ಫಾರ್ ದಿ ಕಲ್ಟಿವೇಷನ್ ಆಫ್ ಸೈನ್ಸ್ ಸಂಸ್ಥೆಯನ್ನು ಸ್ಥಾಪಿಸಿದರು. ಉಪನ್ಯಾಸ ಭವನವಿತ್ತು, ಉಪಕರಣಗಳಿದ್ದವು, ಕೇಳಲು ಕಾಲೇಜು ಹುಡುಗರು ಬರುತ್ತಿದ್ದರು. ಸಂಶೋಧನೆ ಮಾಡುವವರು ಮಾತ್ರ ಬರಲಿಲ್ಲ. 1904ರಲ್ಲಿ ಸರ್ಕಾರ್ ಅವರು ಆ ಕೊರಗಿನಲ್ಲೇ ತೀರಿಕೊಂಡರು.

ಮೂರು ವರ್ಷದ ತರುವಾಯ, ಆಗಷ್ಟೇ ಎಂ.ಎ. ಮುಗಿಸಿ ಹಣಕಾಸು ಇಲಾಖೆಯ ಕೆಲಸಕ್ಕೆ ಕಲ್ಕತ್ತಕ್ಕೆ ಬಂದಿದ್ದ ಸಿ.ವಿ. ರಾಮನ್ ಬೌಬಜಾರ್ ಬೀದಿಯಲ್ಲಿ ಆ ಸಂಸ್ಥೆಯ ಫಲಕವನ್ನು ನೋಡಿ ಒಳಗೆ ಹೋದರು. ವಯಸ್ಸು ಹದಿನೆಂಟು. ಮದರಾಸಿನಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ, 1906ರಲ್ಲಿ, ಲಂಡನ್ನಿನ ಫಿಲಾಸಫಿಕಲ್ ಮ್ಯಾಗಜೀನ್‌ನಲ್ಲಿ ಅವರ ಪ್ರಬಂಧ ಅಚ್ಚಾಗಿತ್ತು. ಕಚೇರಿಗೆ ಹೋಗುವ ಮುನ್ನ ಬೆಳಗ್ಗೆ, ಕಚೇರಿ ಬಿಟ್ಟ ಮೇಲೆ ರಾತ್ರಿಯವರೆಗೆ, ಹತ್ತು ವರ್ಷ ಅವರು ಅಲ್ಲಿ ಪ್ರಯೋಗ ನಡೆಸಿದರು. ಜೊತೆಗಿದ್ದ ಸಹಾಯಕ ಆಶುತೋಷ್ ಡೇ ವಿಶ್ವವಿದ್ಯಾಲಯದ ಮುಖ ಕಂಡವರಲ್ಲ. ಆದರೂ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅವರೊಬ್ಬರದೇ ಹೆಸರಿನಲ್ಲಿ ಪ್ರಬಂಧ ಬಂತು. 1928ರ ಫೆಬ್ರವರಿಯಲ್ಲಿ ಇದೇ ಸಂಸ್ಥೆಯಲ್ಲಿ ಕಂಡುಕೊಂಡ ಬೆಳಕಿನ ಹೊಸ ಪರಿಣಾಮವನ್ನು ರಾಮನ್ ಸಭೆಯ ಮುಂದೆ ವಿವರಿಸಿದ್ದು ಮಾರ್ಚ್ 16ರಂದು, ಬೆಂಗಳೂರಿನಲ್ಲಿ, ದಕ್ಷಿಣ ಭಾರತ ವಿಜ್ಞಾನ ಸಂಘದ ಉದ್ಘಾಟನಾ ಭಾಷಣವಾಗಿ. ನೊಬೆಲ್ ತಂದುಕೊಟ್ಟ ಶೋಧ ಮೊದಮೊದಲು ಕೇಳಿಬಂದದ್ದು ಹೀಗೆ ಆಗತಾನೇ ಕಣ್ಣು ಬಿಡುತ್ತಿದ್ದ ಒಂದು ಪ್ರಾಂತೀಯ ಸಂಘದ ವೇದಿಕೆಯಿಂದ.

ಮುಂಬಯಿಯಲ್ಲಿ 1883ರಲ್ಲಿ ಎಂಟು ಮಂದಿ ಸೇರಿ ಕಟ್ಟಿದ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಬಾಗಿಲನ್ನು 1908ರ ಸುಮಾರಿಗೆ ಒಬ್ಬ ಶಾಲಾ ಬಾಲಕ ತಟ್ಟಿದ. ತಾನು ಹೊಡೆದುರುಳಿಸಿದ ಗುಬ್ಬಿಯ ಕತ್ತಿನಲ್ಲಿ ಹಳದಿ ಮಚ್ಚೆ ಇದ್ದದ್ದು ಯಾಕೆಂದು ತಿಳಿಯಬೇಕಿತ್ತು ಅವನಿಗೆ. ಗೌರವ ಕಾರ್ಯದರ್ಶಿ ಮಿಲ್ಲಾರ್ಡ್ ಆ ಹುಡುಗನಿಗೆ ಸಂಘದ ಹಕ್ಕಿ ಸಂಗ್ರಹವನ್ನು ಸೆಳೆಖಾನೆ ಸೆಳೆಖಾನೆಯಾಗಿ ಎಳೆದು ತೋರಿಸಿ, ಓದಲು ಪುಸ್ತಕ ಕೊಟ್ಟು ಕಳಿಸಿದರು. ಆ ಹುಡುಗ ಮುಂದೆ ಪಕ್ಷಿತಜ್ಞರಾದ ಸಲೀಂ ಅಲಿ. ಮೂರು ದಶಕಗಳ ನಂತರ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಯನ್ನು ಮಾಡಿದವರೂ ಅವರೇ.

ವಿದ್ಯಾರ್ಥಿಗೆ ಒಂದು ಸಂಘ ಏನೇನು ಮಾಡಬಲ್ಲದು ಎಂಬುದಕ್ಕೆ ಎಲ್ಲಕ್ಕಿಂತ ಒಳ್ಳೆಯ ದಾಖಲೆ ಇರುವುದು ಭಾರತೀಯ ಗಣಿತ ಸಂಘದ ಚರಿತ್ರೆಯಲ್ಲಿ, ಮತ್ತು ಅದರ ಒಂದು ಮುಖ್ಯ ಅಧ್ಯಾಯ ನಡೆದದ್ದು ಬೆಂಗಳೂರಿನಲ್ಲಿ. ಡೆಪ್ಯುಟಿ ಕಲೆಕ್ಟರ್ ಆಗಿದ್ದ ವಿ. ರಾಮಸ್ವಾಮಿ ಅಯ್ಯರ್ ಅನಂತಪುರ ಜಿಲ್ಲೆಯ ಗುತ್ತಿಯಲ್ಲಿದ್ದಾಗ, ದೇಶದ ಮೂಲೆಮೂಲೆಯಲ್ಲಿ ಒಂಟಿಯಾಗಿ ಗಣಿತ ಓದುತ್ತಿದ್ದವರನ್ನು ಕೂಡಿಸಬೇಕೆಂದು ಪತ್ರ ಬರೆದರು. 1907ರ ಏಪ್ರಿಲಿನಲ್ಲಿ ಇಪ್ಪತ್ತು ಮಂದಿ ಸದಸ್ಯರೊಂದಿಗೆ ಅನಲಿಟಿಕ್ ಕ್ಲಬ್ ಎಂಬ ಹೆಸರಿನಲ್ಲಿ ಸಂಘ ಆರಂಭವಾಯಿತು. ಹೊರದೇಶದ ಗಣಿತ ಪತ್ರಿಕೆ, ಗ್ರಂಥಗಳನ್ನು ಒಬ್ಬೊಬ್ಬರೇ ತರಿಸಲು ಯಾರಿಗೂ ಶಕ್ತಿಯಿರಲಿಲ್ಲ. ಹತ್ತು ಜನರ ಚಂದಾ ಕೂಡಿಸಿ ತರಿಸಿ, ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿಟ್ಟು, ಕೇಳಿದ ಸದಸ್ಯರಿಗೆ ಅಂಚೆಯಲ್ಲಿ ಕಳಿಸುವುದು ಸಂಘದ ಮೊದಲ ಕೆಲಸವಾಗಿತ್ತು. ಸಣ್ಣ ಊರಿನ ಮೇಷ್ಟರೊಬ್ಬರ ಮನೆಗೆ ಅಂಚೆಯವನ ಕೈಯಲ್ಲಿ ಯುರೋಪಿನ ಗಣಿತ ಬರುವಂತಾದದ್ದು ಆ ಕಾಲಕ್ಕೆ ಸಾಮಾನ್ಯ ಸಂಗತಿಯಲ್ಲ.

1909ರಲ್ಲಿ ಸಂಘದ ಪತ್ರಿಕೆ ಹೊರಟಿತು. ಸಂಪಾದಕರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಗಣಿತ ಅಧ್ಯಾಪಕ ಎಂ.ಟಿ. ನಾರಣ ಅಯ್ಯಂಗಾರ್. ಪತ್ರಿಕೆಯಲ್ಲಿ ಪ್ರಶ್ನೆಗಳ ವಿಭಾಗವಿತ್ತು. ಯಾರು ಬೇಕಾದರೂ ಪ್ರಶ್ನೆ ಕಳಿಸಬಹುದು, ಯಾರು ಬೇಕಾದರೂ ಉತ್ತರಿಸಬಹುದು, ಕಳಿಸಿದವರ ಪದವಿ ಯಾವುದೆಂದು ಯಾರೂ ಕೇಳುತ್ತಿರಲಿಲ್ಲ. 1911ರಲ್ಲಿ ಆ ವಿಭಾಗಕ್ಕೆ ಎಫ್.ಎ. ಪರೀಕ್ಷೆಯನ್ನೂ ದಾಟಲಾಗದ, ಕೆಲಸವಿಲ್ಲದ ಒಬ್ಬ ತರುಣನಿಂದ ಪ್ರಶ್ನೆ ಬಂತು. ಒಂದರ ಜೊತೆಗೆ, ಎರಡರಷ್ಟು ಇನ್ನೊಂದು ವರ್ಗಮೂಲ, ಅದರೊಳಗೆ ಒಂದರ ಜೊತೆಗೆ, ಮೂರರಷ್ಟು ಮತ್ತೊಂದು ವರ್ಗಮೂಲ, ಅದರೊಳಗೆ ನಾಲ್ಕರಷ್ಟು... ಹೀಗೆ ಕೊನೆಯೇ ಇಲ್ಲದೆ ಒಳಗೊಳಗೆ ಸಾಗುವ ವರ್ಗಮೂಲದ ಬೆಲೆ ಎಷ್ಟು? ಮೂರು ಸಂಚಿಕೆ ಕಳೆದರೂ ಯಾರಿಂದಲೂ ಉತ್ತರ ಬರಲಿಲ್ಲ. ಕೊನೆಗೆ ಪ್ರಶ್ನೆ ಕೇಳಿದ ಶ್ರೀನಿವಾಸ ರಾಮಾನುಜನ್ ಅವರೇ ಉತ್ತರ ಕೊಟ್ಟರು: 3.

ಅದರ ಗುಟ್ಟನ್ನು ಪ್ರೌಢಶಾಲೆಯ ಹುಡುಗಿಯೂ ಹಿಡಿಯಬಲ್ಲಳು. ಮೂರು ಎಂದರೆ 9ರ ವರ್ಗಮೂಲ. 9 ಎಂದರೆ 1 ಕೂಡಿಸು ಎರಡು ನಾಲ್ಕಲ ಎಂಟು. ಆ ನಾಲ್ಕು ಎಂದರೆ 16ರ ವರ್ಗಮೂಲ. 16 ಎಂದರೆ 1 ಕೂಡಿಸು ಮೂರೈದಲ ಹದಿನೈದು. ಆ ಐದು 25ರ ವರ್ಗಮೂಲ, 25 ಎಂದರೆ 1 ಕೂಡಿಸು ನಾಲ್ಕಾರಲ ಇಪ್ಪತ್ತನಾಲ್ಕು. ಹೀಗೆ ಒಂದೊಂದು ಅಂಕಿಯನ್ನೂ ಬಿಡಿಸುತ್ತ ಹೋದರೆ ಪ್ರಶ್ನೆಯಲ್ಲಿರುವ ಸಾಲು ತಾನಾಗಿ ಬಿಚ್ಚಿಕೊಳ್ಳುತ್ತದೆ. ಇಷ್ಟು ಸರಳವಾದ, ಇಷ್ಟು ಸೊಗಸಾದ ಸಂಗತಿಯೊಂದು ಒಂದು ಸಂಘದ ಪತ್ರಿಕೆ ಇಲ್ಲದಿದ್ದರೆ ರಾಮಾನುಜನ್ ಅವರ ನೋಟ್‌ಬುಕ್ಕಿನಲ್ಲೇ ಉಳಿದುಬಿಡುತ್ತಿತ್ತು.

ಅದೇ ವರ್ಷ ರಾಮಾನುಜನ್ ಅವರ ಮೊದಲ ಪ್ರಬಂಧ, ಬರ್ನೂಲಿ ಸಂಖ್ಯೆಗಳನ್ನು ಕುರಿತದ್ದು, ಪತ್ರಿಕೆಯಲ್ಲಿ ಬಂತು. ಅದು ಅಚ್ಚಿಗೆ ಹೋದ ಬಗೆಯನ್ನು ಇಂದಿನ ಸಂಪಾದಕರು ಗಮನಿಸಬೇಕು. ರಾಮಾನುಜನ್ ಅವರಿಗೆ ಸಾಧನೆಯ ಹಂತಗಳನ್ನು ಓದುಗರಿಗೆ ತಿಳಿಯುವಂತೆ ಬರೆಯುವ ರೂಢಿಯಿರಲಿಲ್ಲ. ಬರಹ ಅತಿ ಅಡಕ, ವಿಧಾನ ತೀರ ಹೊಸದು, ನಿರೂಪಣೆ ಅಸ್ಪಷ್ಟ. ಸಾಮಾನ್ಯ ಓದುಗರಿಗೆ ಹಿಡಿತಕ್ಕೆ ಸಿಗದು ಎಂಬುದು ಸಂಪಾದಕರ ಅಭಿಪ್ರಾಯವಾಗಿತ್ತು. ಅಷ್ಟಕ್ಕೇ ತಿರಸ್ಕರಿಸಿ ಕೈ ತೊಳೆದುಕೊಳ್ಳಬಹುದಿತ್ತು. ನಾರಣ ಅಯ್ಯಂಗಾರ್ ಹಾಗೆ ಮಾಡಲಿಲ್ಲ. ಹಸ್ತಪ್ರತಿ ಮದರಾಸಿಗೂ ಬೆಂಗಳೂರಿಗೂ ನಡುವೆ ಮತ್ತೆ ಮತ್ತೆ ಓಡಾಡಿತು. ತಿದ್ದಿ, ಬಿಡಿಸಿ ಬರೆಸಿ, ಪ್ರಬಂಧವಾಗಿ ಅದನ್ನು ಹೊರತಂದರು. ಗಣಿತದಲ್ಲಿ ಬರೆಯುವುದು ಹೇಗೆಂದು ರಾಮಾನುಜನ್ ಅವರಿಗೆ ಮೊದಲು ಪಾಠ ಹೇಳಿದವರಲ್ಲಿ ಈ ಬೆಂಗಳೂರಿನ ಮೇಷ್ಟರೂ ಒಬ್ಬರು ಎಂಬುದಕ್ಕೆ ಸಿಗಬೇಕಾದಷ್ಟು ಮನ್ನಣೆ ಕನ್ನಡ ನಾಡಿನಲ್ಲಿ ಇನ್ನೂ ಸಿಕ್ಕಿಲ್ಲ.

ಸಂಘದ ಉಪಕಾರ ಪತ್ರಿಕೆಗೆ ನಿಲ್ಲಲಿಲ್ಲ. ಗುಮಾಸ್ತೆ ಕೆಲಸ ಕೇಳಿಕೊಂಡು ರಾಮಾನುಜನ್ ಮೊದಲು ಹೋದದ್ದು ತಿರುಕೋಯಿಲೂರಿನಲ್ಲಿದ್ದ ರಾಮಸ್ವಾಮಿ ಅಯ್ಯರ್ ಬಳಿಗೆ. ನೋಟ್‌ಬುಕ್ ನೋಡಿದ ಅಯ್ಯರ್, ಕಂದಾಯ ಇಲಾಖೆಯ ತಳದ ಹುದ್ದೆಯಲ್ಲಿ ಈ ಪ್ರತಿಭೆಯನ್ನು ಹೂಳಲು ಮನಸ್ಸಾಗದೆ, ಮದರಾಸಿನ ಗಣಿತದ ಗೆಳೆಯರಿಗೆ ಪತ್ರ ಕೊಟ್ಟು ಕಳಿಸಿದರು. ನೆಲ್ಲೂರಿನ ಕಲೆಕ್ಟರ್ ಆರ್. ರಾಮಚಂದ್ರ ರಾವ್ ಕೆಲಕಾಲ ತಿಂಗಳಿಗೆ 25 ರೂಪಾಯಿ ಕೊಟ್ಟರು, ಅವರೂ ಸಂಘದವರು. 1912ರಲ್ಲಿ ಮದರಾಸು ಬಂದರಿನ ಕಚೇರಿಯಲ್ಲಿ 30 ರೂಪಾಯಿ ಸಂಬಳದ ಕೆಲಸ ಸಿಕ್ಕಿತು. ಅಲ್ಲಿ ಮೇಲಧಿಕಾರಿಯಾಗಿದ್ದ ಎಸ್. ನಾರಾಯಣ ಅಯ್ಯರ್ ಸಂಘದ ಖಜಾಂಚಿ. 1913ರ ಜನವರಿ 16ರಂದು ಕೇಂಬ್ರಿಜ್ಜಿನ ಗಣಿತಜ್ಞ ಹಾರ್ಡಿಗೆ ಪತ್ರ ಬರೆಯುವ ಹೊತ್ತಿಗೆ ರಾಮಾನುಜನ್ ಅವರ ಹಿಂದೆ ಅಚ್ಚಾದ ಪ್ರಬಂಧಗಳಿದ್ದವು, ತಿಳಿದವರ ಬೆಂಬಲವಿತ್ತು. ಎರಡು ಕಾಲೇಜುಗಳು ಕೈಬಿಟ್ಟಿದ್ದ ವಿದ್ಯಾರ್ಥಿಯನ್ನು ಐದಾರು ವರ್ಷದ ಕೂಸಾಗಿದ್ದ ಒಂದು ಸಂಘ ಎತ್ತಿ ಹಿಡಿದಿತ್ತು.

ಸೆಂಟ್ರಲ್ ಕಾಲೇಜಿನಲ್ಲಿ ಆ ದಶಕದಲ್ಲೇ ಇನ್ನೊಂದು ಕೆಲಸವೂ ನಡೆಯಿತು. ಭೌತವಿಜ್ಞಾನದ ಅಧ್ಯಾಪಕ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರರೊಡನೆ ಸೇರಿ, ಕರ್ನಾಟಕ ವಿಜ್ಞಾನ ಪ್ರಚಾರಿಣೀ ಸಮಿತಿಯ ಪರವಾಗಿ 1918ರಲ್ಲಿ 'ವಿಜ್ಞಾನ' ಎಂಬ ಕನ್ನಡ ಮಾಸಪತ್ರಿಕೆಯನ್ನು ಹೊರಡಿಸಿದರು. ಅದು ಹೆಚ್ಚು ಕಾಲ ಬಾಳಲಿಲ್ಲ. ಇಂಗ್ಲಿಷ್ ಬಾರದವರಿಗೂ ವಿಜ್ಞಾನದ ಸಂಘ ಬೇಕು ಎಂಬ ಆ ಆಸೆ ಮತ್ತೆ ಗಟ್ಟಿಯಾಗಿ ನಿಂತದ್ದು 1980ರಲ್ಲಿ, ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಸ್ಥಾಪನೆಯಾದಾಗ. ಪರಿಷತ್ತಿನ 'ಬಾಲ ವಿಜ್ಞಾನ' ಮಾಸಪತ್ರಿಕೆ, ಹಳ್ಳಿ ಶಾಲೆಯ ಮಕ್ಕಳೂ ತಮ್ಮೂರಿನ ನೀರು, ಮಣ್ಣು, ಬೆಳೆಯ ಮೇಲೆ ಯೋಜನಾ ವರದಿ ಒಪ್ಪಿಸುವ ಮಕ್ಕಳ ವಿಜ್ಞಾನ ಸಮಾವೇಶ, ಇವು ಕನ್ನಡದ ಮಟ್ಟಿಗೆ ಬಹಳ ದೊಡ್ಡ ಸಾಧನೆಗಳು.

ವೃತ್ತಿ ಸಂಘವೇ ಕಾಲೇಜಿನ ಕೆಲಸ ಮಾಡಿದ ನಿದರ್ಶನವೂ ಭಾರತದಲ್ಲಿದೆ. 1920ರಲ್ಲಿ ಸ್ಥಾಪನೆಯಾಗಿ 1935ರಲ್ಲಿ ರಾಜಸನ್ನದು ಪಡೆದ ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್ ತನ್ನ ಸದಸ್ಯತ್ವಕ್ಕೆ ಎಎಂಐಇ ಎಂಬ ಪರೀಕ್ಷೆ ನಡೆಸುತ್ತಿತ್ತು. ಅದರ ಎರಡು ವಿಭಾಗಗಳನ್ನು ಪಾಸು ಮಾಡಿದವರನ್ನು ಎಂಜಿನಿಯರಿಂಗ್ ಪದವೀಧರರ ಸಮಕ್ಕೆ ಪರಿಗಣಿಸುತ್ತಿದ್ದರು. ಡಿಪ್ಲೊಮಾ ಮುಗಿಸಿ ಕಾರ್ಖಾನೆ ಸೇರಿ, ಪಾಳಿ ಮುಗಿಸಿ ಬಂದು ರಾತ್ರಿ ಓದಿ ಎಎಂಐಇ ಮಾಡಿಕೊಂಡು ಬಡ್ತಿ ಪಡೆದವರು ಬೆಂಗಳೂರಿನ ಒಂದು ಇಡೀ ತಲೆಮಾರಿನಲ್ಲಿ ಸಿಗುತ್ತಾರೆ. 2013ರ ಮೇ ನಂತರ ಸೇರಿದವರಿಗೆ ಕೇಂದ್ರ ಸರ್ಕಾರದ ಆ ಮಾನ್ಯತೆ ಇಲ್ಲವಾಯಿತು. ದುಡಿಯುತ್ತಲೇ ಓದುವವರ ಪಾಲಿಗೆ ಅದು ನಿಜವಾದ ನಷ್ಟ.

1934ರಲ್ಲಿ ರಾಮನ್ ಅವರು ಬೆಂಗಳೂರಿನಲ್ಲಿ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿ ಬೇರೆ ಜಾತಿಯದು. ಅದಕ್ಕೆ ಅರ್ಜಿ ಹಾಕಿ ಸೇರಲಾಗದು. ಸಾಧನೆ ನೋಡಿ ಫೆಲೋಗಳನ್ನು ಆರಿಸುತ್ತಾರೆ. ವಿದ್ಯಾರ್ಥಿಗೆ ಅಲ್ಲಿ ಸದಸ್ಯತ್ವವಿಲ್ಲ, ಆದರೆ ಬೇಸಿಗೆಯಲ್ಲಿ ವಿಜ್ಞಾನಿಗಳ ಜೊತೆ ಕೆಲಸ ಮಾಡಲು ಫೆಲೋಶಿಪ್ ಇದೆ, 1996ರಿಂದ ವಿದ್ಯಾರ್ಥಿಗಳಿಗೆಂದೇ ಬರುತ್ತಿರುವ 'ರೆಸೊನೆನ್ಸ್' ಪತ್ರಿಕೆ ಇದೆ. ಅಕಾಡೆಮಿಯ ಬಿರುದಿಗೂ ವೃತ್ತಿ ಸಂಘದ ಸದಸ್ಯತ್ವಕ್ಕೂ ಇರುವ ಈ ಅಂತರ ತಿಳಿಯದೆ, ಹಣ ಕಟ್ಟಿಸಿಕೊಂಡು ಫೆಲೋ ಎಂದು ಪ್ರಮಾಣಪತ್ರ ಕೊಡುವ ಅಂಗಡಿಗಳ ಕೈಗೆ ಸಿಕ್ಕಿ ಮೋಸಹೋಗುವ ವಿದ್ಯಾರ್ಥಿಗಳಿದ್ದಾರೆ.

ಶುಲ್ಕ ಕಟ್ಟಿ, ಗುರುತಿನ ಚೀಟಿ ಪಡೆದು, ಬಯೊಡೇಟಾದಲ್ಲಿ ಒಂದು ಸಾಲು ಸೇರಿಸಿಕೊಳ್ಳುವುದಕ್ಕಷ್ಟೇ ಸೇರಿದವರು ಸಂಘದಿಂದ ಏನನ್ನೂ ಪಡೆದ ದಾಖಲೆ ಈ ಮುನ್ನೂರು ವರ್ಷಗಳ ಚರಿತ್ರೆಯಲ್ಲಿಲ್ಲ. ಫ್ಯಾರಡೆಗೆ ಮಾತನಾಡುವ ಸರದಿ ಸಿಕ್ಕಿತು, ರಾಮನ್ ಅವರಿಗೆ ಪ್ರಯೋಗಾಲಯದ ಬೀಗದ ಕೈ ಸಿಕ್ಕಿತು, ರಾಮಾನುಜನ್ ಅವರಿಗೆ ತಿದ್ದುವ ಸಂಪಾದಕರು ಸಿಕ್ಕಿದರು. ಇಂಥದ್ದನ್ನು ಕೊಡುವ ಸಂಘಕ್ಕೆ ವಿದ್ಯಾರ್ಥಿಯು ಪದವಿ ಮುಗಿಯುವವರೆಗೆ ಕಾಯದೆ ಸೇರಬೇಕು. ಶುಲ್ಕ ಹೊರೆಯಾದರೆ ರಿಯಾಯಿತಿ ಕೇಳಬೇಕು, ಕಾಲೇಜುಗಳು ಆ ಹಣವನ್ನು ಭರಿಸಬೇಕು. ಸೇರುವ ಮುನ್ನ ಆ ಸಂಘದ ಹಿಂದಿನ ವರ್ಷದ ಪತ್ರಿಕೆಯನ್ನೂ ಸಮ್ಮೇಳನದ ಕಾರ್ಯಕ್ರಮ ಪಟ್ಟಿಯನ್ನೂ ತರಿಸಿ, ಅದರಲ್ಲಿ ವಿದ್ಯಾರ್ಥಿಗಳ ಹೆಸರು ಎಷ್ಟಿವೆ ಎಂದು ನೋಡಿಕೊಳ್ಳುವುದು ಒಳ್ಳೆಯದು. ಉದಾಹರಣೆಗೆ, ಭಾರತೀಯ ಗಣಿತ ಸಂಘ 1933ರಲ್ಲಿ ವಿದ್ಯಾರ್ಥಿಗಳನ್ನೂ ಅಧ್ಯಾಪಕರನ್ನೂ ಮನಸ್ಸಿನಲ್ಲಿಟ್ಟು 'ದಿ ಮ್ಯಾಥಮ್ಯಾಟಿಕ್ಸ್ ಸ್ಟೂಡೆಂಟ್' ಎಂಬ ಎರಡನೆಯ ಪತ್ರಿಕೆಯನ್ನು ಆರಂಭಿಸಿತು. ಅದು ಈಗಲೂ ಬರುತ್ತಿದೆ, ಅದರಲ್ಲಿ ಪ್ರಶ್ನೆಗಳ ವಿಭಾಗ ಈಗಲೂ ಇದೆ.